ಫ್ರಾಂಟಿಷೆಕ್ ಯಾನೆಚೆಕ್

ಫ್ರಾಂಟಿಷೆಕ್ ಯಾನೆಚೆಕ್ (23 ಜನವರಿ 1878 – 4 ಜೂನ್ 1941) ಜೆಕ್ ಎಂಜಿನಿಯರ್, ಶಸ್ತ್ರಾಸ್ತ್ರ ವಿನ್ಯಾಸಕ ಹಾಗೂ ಉದ್ಯಮಿ. ಇವರು ಜಾವಾ ಮೋಟರ್‌ಸೈಕಲ್ ಸಂಸ್ಥೆಯ ಸ್ಥಾಪಕರು. ಇವರ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಜರ್ಮನಿಯ ವಾಂಡರರ್ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರಗಳೊಂದಿಗೆ ಜೋಡಿಸಿ ಜಾವಾ ಎಂಬ ಹೆಸರನ್ನು ರೂಪಿಸಲಾಯಿತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಜೆಕ್ ಭಾಷೆಯಲ್ಲಿ ಇದರ ಉಚ್ಚಾರಣೆ ಯಾವಾ ಎಂದಾಗುತ್ತದೆ. ಯಾನೆಚೆಕ್ ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ ಮೈಸೂರಿನಲ್ಲಿ ಜಾವಾ ಮೋಟರ್‌ಸೈಕಲ್‌ಗಳ ತಯಾರಿಕೆ ಆರಂಭವಾದುದರಿಂದ, ಕರ್ನಾಟಕದ ಕೈಗಾರಿಕಾ ಇತಿಹಾಸದಲ್ಲಿಯೂ ಇವರ ಹೆಸರಿಗೆ ಸ್ಥಾನವಿದೆ.

ಜನನ ಮತ್ತು ಶಿಕ್ಷಣ

ಯಾನೆಚೆಕ್ ಅವರು ಪೂರ್ವ ಬೊಹೀಮಿಯಾದ ಕ್ಲಾಶ್ಟೆರ್ ನಾದ್ ದ್ಯೆದಿನೌ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ಪ್ರದೇಶವು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಪ್ರಾಗ್ ಮತ್ತು ಬರ್ಲಿನ್ ನಗರಗಳಲ್ಲಿ ತಾಂತ್ರಿಕ ಶಿಕ್ಷಣ ಪಡೆದ ಬಳಿಕ ಕಾರ್ಖಾನೆಗಳಲ್ಲಿ ಎಂಜಿನಿಯರ್ ಆಗಿ ವೃತ್ತಿ ಆರಂಭಿಸಿದರು. ಕೆಲಕಾಲ ನೆದರ್ಲೆಂಡ್ಸ್‌ನಲ್ಲಿಯೂ ಕೆಲಸ ಮಾಡಿದರು. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಪ್ರಾಗ್‌ಗೆ ಹಿಂತಿರುಗಿ ತಮ್ಮದೇ ಆದ ಸಣ್ಣ ಕಾರ್ಯಾಗಾರವೊಂದನ್ನು ತೆರೆದರು. ಯಂತ್ರಭಾಗಗಳನ್ನು ಸರಳಗೊಳಿಸಿ ಸುಧಾರಿಸುವುದರಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು. ಜೀವಿತಾವಧಿಯಲ್ಲಿ ಅವರು ಅನೇಕ ಪೇಟೆಂಟುಗಳನ್ನು ಪಡೆದರು.

ಶಸ್ತ್ರಾಸ್ತ್ರ ಉದ್ಯಮ

ಮೊದಲನೆಯ ಮಹಾಯುದ್ಧದಲ್ಲಿ ಯಾನೆಚೆಕ್ ಅವರು ಆಸ್ಟ್ರಿಯಾ-ಹಂಗೇರಿಯ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಅವರು ವಿನ್ಯಾಸಗೊಳಿಸಿದ ಕೈಬಾಂಬು ಅವರಿಗೆ ಹೆಸರು ತಂದಿತು. 1918ರಲ್ಲಿ ಸಾಮ್ರಾಜ್ಯವು ಒಡೆದು ಚೆಕೊಸ್ಲೊವಾಕಿಯಾ ಎಂಬ ಹೊಸ ಗಣರಾಜ್ಯ ಸ್ಥಾಪನೆಯಾಯಿತು. ಹೊಸ ದೇಶದ ಸೇನೆಗೆ ಆಯುಧಗಳ ಅಗತ್ಯವಿತ್ತು. ಈ ಅವಕಾಶವನ್ನು ಬಳಸಿಕೊಂಡ ಯಾನೆಚೆಕ್ ಅವರು 1920ರ ದಶಕದ ಆರಂಭದಲ್ಲಿ ತಮ್ಮ ಹೆಸರಿನಲ್ಲಿಯೇ ಶಸ್ತ್ರಾಸ್ತ್ರ ಕಾರ್ಖಾನೆಯನ್ನು ನಡೆಸಲಾರಂಭಿಸಿದರು. ಕೈಬಾಂಬುಗಳ ತಯಾರಿಕೆ ಹಾಗೂ ಹಳೆಯ ಶ್ವಾರ್ಜ್‌ಲೋಸೆ ಮೆಷಿನ್ ಗನ್‌ಗಳ ಮಾರ್ಪಾಡು ಅಲ್ಲಿಯ ಮುಖ್ಯ ಕೆಲಸಗಳಾಗಿದ್ದವು.

ದಶಕದ ಕೊನೆಯ ವೇಳೆಗೆ ಸೇನೆಯ ಬೇಡಿಕೆ ಇಳಿಮುಖವಾಯಿತು. ನಿಖರವಾದ ಕೆಲಸಕ್ಕೆಂದು ಕೊಂಡ ಯಂತ್ರಗಳೂ ಅವುಗಳನ್ನು ನಡೆಸಬಲ್ಲ ನುರಿತ ಕೆಲಸಗಾರರೂ ಕಾರ್ಖಾನೆಯಲ್ಲಿದ್ದರು. ಆದರೆ ಅವರಿಗೆ ಸಾಕಷ್ಟು ಕೆಲಸವಿರಲಿಲ್ಲ. ಕಾರ್ಖಾನೆಯನ್ನು ಉಳಿಸಿಕೊಳ್ಳಲು ಸರ್ಕಾರದ ಆದೇಶಗಳನ್ನೇ ನೆಚ್ಚದ, ಸಾಮಾನ್ಯ ಜನರು ಕೊಳ್ಳುವ ವಸ್ತುವೊಂದು ಬೇಕಾಗಿತ್ತು. ಯಾನೆಚೆಕ್ ಅವರು ಮೋಟರ್‌ಸೈಕಲ್ ತಯಾರಿಕೆಯನ್ನು ಆಯ್ದುಕೊಂಡರು.

ಜಾವಾ ಸ್ಥಾಪನೆ

ಅದೇ ಕಾಲದಲ್ಲಿ ಜರ್ಮನಿಯ ವಾಂಡರರ್ ಕಂಪನಿಯು ಮೋಟರ್‌ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುತ್ತಿತ್ತು. ಅದರ 500 ಸಿಸಿ ಮಾದರಿಯ ಹಕ್ಕುಗಳನ್ನು ಯಾನೆಚೆಕ್ ಅವರು 1929ರಲ್ಲಿ ಪಡೆದುಕೊಂಡರು. ಅದೇ ವರ್ಷ ಮೊದಲ ಜಾವಾ ಮೋಟರ್‌ಸೈಕಲ್ ಸಿದ್ಧವಾಯಿತು. ಒತ್ತಿ ರೂಪಿಸಿದ ಉಕ್ಕಿನ ತಗಡಿನ ಚೌಕಟ್ಟು ಹಾಗೂ ಚೈನಿನ ಬದಲು ಶಾಫ್ಟ್ ಮೂಲಕ ಹಿಂಚಕ್ರಕ್ಕೆ ಶಕ್ತಿ ರವಾನೆ ಇದರ ವೈಶಿಷ್ಟ್ಯಗಳಾಗಿದ್ದವು. ವಾಹನವು ನೋಡಲು ಆಕರ್ಷಕವಾಗಿದ್ದರೂ ಬೆಲೆ ಹೆಚ್ಚಾಗಿತ್ತು, ತಾಂತ್ರಿಕ ದೋಷಗಳೂ ಕಾಣಿಸಿಕೊಂಡವು. ಜಗತ್ತಿನಾದ್ಯಂತ ಆರ್ಥಿಕ ಕುಸಿತ ಆರಂಭವಾದ ವರ್ಷವೂ ಅದೇ ಆಗಿತ್ತು. ದುಬಾರಿ ಮೋಟರ್‌ಸೈಕಲ್ ಕೊಳ್ಳುವವರ ಸಂಖ್ಯೆ ಕಡಿಮೆಯಾಯಿತು.

ಯಾನೆಚೆಕ್ ಅವರು ಈ ಹಿನ್ನಡೆಯಿಂದ ಪಾಠ ಕಲಿತರು. ಬ್ರಿಟನ್ನಿನ ಮೋಟರ್‌ಸೈಕಲ್ ಸ್ಪರ್ಧಿ ಹಾಗೂ ವಿನ್ಯಾಸಕ ಜಾರ್ಜ್ ವಿಲಿಯಂ ಪ್ಯಾಚೆಟ್ ಅವರನ್ನು ತಮ್ಮ ಕಾರ್ಖಾನೆಗೆ ಕರೆಸಿಕೊಂಡರು. 1932ರಲ್ಲಿ ಬ್ರಿಟನ್ನಿನ ವಿಲಿಯರ್ಸ್ ಕಂಪನಿಯ ಎರಡು-ಸ್ಟ್ರೋಕ್ ಎಂಜಿನ್ ಅಳವಡಿಸಿದ ಹಗುರವಾದ 175 ಸಿಸಿ ಮಾದರಿ ಮಾರುಕಟ್ಟೆಗೆ ಬಂದಿತು. ಕಡಿಮೆ ಬೆಲೆಯ, ನಿರ್ವಹಣೆ ಸುಲಭವಾದ ಈ ವಾಹನವು ಆರ್ಥಿಕ ಸಂಕಷ್ಟದ ನಡುವೆಯೂ ಜನಪ್ರಿಯವಾಯಿತು. ಕಾರ್ಖಾನೆಯನ್ನು ಉಳಿಸಿದ್ದು ಈ ಮಾದರಿಯೇ. ಇಲ್ಲಿಂದ ಮುಂದೆ ಎರಡು-ಸ್ಟ್ರೋಕ್ ಎಂಜಿನ್ ಜಾವಾ ಸಂಸ್ಥೆಯ ಗುರುತಾಯಿತು.

1930ರ ದಶಕದ ಮಧ್ಯಭಾಗದಿಂದ ಸಂಸ್ಥೆಯು ಜರ್ಮನಿಯ ಡಿಕೆಡಬ್ಲ್ಯೂ ಪರವಾನಗಿಯೊಂದಿಗೆ ಸಣ್ಣ ಕಾರುಗಳನ್ನೂ ತಯಾರಿಸಿತು. 1937ರಲ್ಲಿ ಜಾವಾ ಮೈನರ್ ಎಂಬ ಕಾರು ಬಂದಿತು. ಅದೇ ಅವಧಿಯಲ್ಲಿ ರೋಬಾಟ್ ಎಂಬ 100 ಸಿಸಿ ಸಣ್ಣ ಮೋಟರ್‌ಸೈಕಲ್ ಕೂಡ ತಯಾರಾಯಿತು.

ಜರ್ಮನ್ ಆಕ್ರಮಣ ಮತ್ತು ಕೊನೆಯ ವರ್ಷಗಳು

1939ರ ಮಾರ್ಚ್ ತಿಂಗಳಲ್ಲಿ ಜರ್ಮನ್ ಸೇನೆ ಪ್ರಾಗ್ ನಗರವನ್ನು ವಶಪಡಿಸಿಕೊಂಡಿತು. ನಾಗರಿಕರಿಗಾಗಿ ಮೋಟರ್‌ಸೈಕಲ್ ತಯಾರಿಸುವ ಕೆಲಸ ನಿಂತು, ಕಾರ್ಖಾನೆಯು ಆಕ್ರಮಣಕಾರರ ಅಗತ್ಯಗಳಿಗೆ ದುಡಿಯಬೇಕಾಯಿತು. ಯಾನೆಚೆಕ್ ಅವರ ಮಗ ಫ್ರಾಂಟಿಷೆಕ್ ಕರೆಲ್ ಯಾನೆಚೆಕ್ ಅವರು ಬ್ರಿಟನ್ನಿಗೆ ತೆರಳಿದರು. ಫಿರಂಗಿಯ ನಳಿಗೆಯ ತುದಿಯನ್ನು ಕಿರಿದಾಗಿಸಿ ಗುಂಡಿನ ವೇಗವನ್ನು ಹೆಚ್ಚಿಸುವ ಸಾಧನವೊಂದನ್ನು ಅವರು ಅಲ್ಲಿ ಅಭಿವೃದ್ಧಿಪಡಿಸಿದರು. ಬ್ರಿಟಿಷ್ ಸೇನೆಯು ಇದನ್ನು ತನ್ನ ಕವಚ ವಾಹನಗಳ ಫಿರಂಗಿಗಳಿಗೆ ಅಳವಡಿಸಿತು. ಈ ಸಾಧನಕ್ಕೆ ಲಿಟಲ್‌ಜಾನ್ ಎಂಬ ಹೆಸರು ಬಂದಿತು. ಯಾನೆಚೆಕ್ ಎಂಬ ಕುಲನಾಮದ ಇಂಗ್ಲಿಷ್ ರೂಪವೇ ಲಿಟಲ್‌ಜಾನ್. ಹೀಗೆ ತಂದೆಯ ಕಾರ್ಖಾನೆ ಜರ್ಮನರ ಹಿಡಿತದಲ್ಲಿದ್ದ ವರ್ಷಗಳಲ್ಲಿಯೇ ಮಗನ ಆವಿಷ್ಕಾರವು ಅದೇ ಜರ್ಮನ್ ಸೇನೆಯ ವಿರುದ್ಧ ಬಳಕೆಯಾಯಿತು.

ಯಾನೆಚೆಕ್ ಅವರು 1941ರ ಜೂನ್ 4ರಂದು ತಮ್ಮ 63ನೆಯ ವಯಸ್ಸಿನಲ್ಲಿ ನಿಧನರಾದರು. ದೇಶದ ವಿಮೋಚನೆಯನ್ನಾಗಲಿ, ಯುದ್ಧಾನಂತರ ತಮ್ಮ ಸಂಸ್ಥೆ ಗಳಿಸಿದ ಖ್ಯಾತಿಯನ್ನಾಗಲಿ ಅವರು ಕಾಣಲಿಲ್ಲ.

ನಿಧನಾನಂತರ ಸಂಸ್ಥೆ

ಆಕ್ರಮಣದ ಅವಧಿಯಲ್ಲಿ ಕಾರ್ಖಾನೆಯ ತಂತ್ರಜ್ಞರು ಹೊಸ 250 ಸಿಸಿ ಮೋಟರ್‌ಸೈಕಲ್ ಒಂದನ್ನು ಗುಟ್ಟಾಗಿ ವಿನ್ಯಾಸಗೊಳಿಸಿದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಕವಚದಲ್ಲಿ ಅಡಕವಾಗಿದ್ದ ಈ ಮಾದರಿಯು ಯುದ್ಧ ಮುಗಿದ ನಂತರ, 1946ರಲ್ಲಿ, ಪೆರಾಕ್ ಎಂಬ ಹೆಸರಿನಿಂದ ಹೊರಬಂದು ಯುರೋಪಿನಲ್ಲಿ ಮೆಚ್ಚುಗೆ ಪಡೆಯಿತು. ಯುದ್ಧಾನಂತರ ಸಂಸ್ಥೆಯನ್ನು ರಾಷ್ಟ್ರೀಕರಣ ಮಾಡಲಾಯಿತು. ಯಾನೆಚೆಕ್ ಕುಟುಂಬದ ಒಡೆತನ ಕೊನೆಗೊಂಡರೂ ಹೆಸರು ಮಾತ್ರ ಉಳಿಯಿತು. 1950ರ ದಶಕದಲ್ಲಿ ಬಂದ 353 ಮಾದರಿಯ 250 ಸಿಸಿ ಮೋಟರ್‌ಸೈಕಲ್ ಅನೇಕ ದೇಶಗಳಿಗೆ ರಫ್ತಾಯಿತು. ಭಾರತಕ್ಕೆ ಪರಿಚಿತವಾದ ಜಾವಾ ಇದೇ ವಂಶದ್ದು.

ಮೈಸೂರಿನೊಂದಿಗೆ ನಂಟು

1950ರ ದಶಕದಲ್ಲಿ ಮೋಟರ್‌ಸೈಕಲ್‌ಗಳ ಆಮದಿನ ಮೇಲೆ ಭಾರತ ಸರ್ಕಾರ ನಿರ್ಬಂಧ ಹೇರಿದಾಗ, ದೇಶದಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. ಫರ್ರೋಖ್ ಇರಾನಿ ಅವರು ಜೆಕ್ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಇಲ್ಲಿ ಉತ್ಪಾದನೆ ಆರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಕಾರ್ಖಾನೆಯನ್ನು ಉದ್ಘಾಟಿಸಿದರು. 1970ರ ದಶಕದಿಂದ ಇಲ್ಲಿನ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. 1980ರ ದಶಕದಲ್ಲಿ ಜಪಾನಿ ಸಹಯೋಗದ, ಕಡಿಮೆ ಪೆಟ್ರೋಲ್ ಬಳಸುವ 100 ಸಿಸಿ ವಾಹನಗಳು ಬಂದಾಗ ಸ್ಪರ್ಧೆ ತೀವ್ರವಾಯಿತು. ಹೊಗೆ ಮಾಲಿನ್ಯದ ನಿಯಮಗಳೂ ಎರಡು-ಸ್ಟ್ರೋಕ್ ಎಂಜಿನ್‌ಗಳಿಗೆ ತೊಡಕಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಾವಿರಾರು ಕುಟುಂಬಗಳ ಬಳಿ ವಾಹನಗಳು ಉಳಿದವು, ಆದರೆ ಅವುಗಳಿಗೆ ಬಿಡಿಭಾಗ ಒದಗಿಸುವ ತಯಾರಕರು ಇಲ್ಲವಾದರು. 2018ರಲ್ಲಿ ಮಹೀಂದ್ರಾ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು ಜಾವಾ ಹೆಸರನ್ನು ನಾಲ್ಕು-ಸ್ಟ್ರೋಕ್ ವಾಹನಗಳೊಂದಿಗೆ ಮತ್ತೆ ಭಾರತದ ಮಾರುಕಟ್ಟೆಗೆ ತಂದಿತು.

ಹಳೆಯ ಎಂಜಿನ್‌ಗಳ ಪುನರ್ನಿರ್ಮಾಣ

ಮೈಸೂರಿನ ಜಾವಾ 250ರ ಎಂಜಿನ್ ಒಂದೇ ಸಿಲಿಂಡರಿನದು. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಚಲನೆ 75 ಮಿ.ಮೀ., ಒಟ್ಟು ಗಾತ್ರ ಸುಮಾರು 249 ಸಿಸಿ. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರುಗಳು ಹೊರಡುತ್ತವೆ. ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಸನ್ನೆ ಬಳಕೆಯಾಗುತ್ತದೆ. ನಾಲ್ಕು-ಸ್ಟ್ರೋಕ್ ಎಂಜಿನ್‌ನಲ್ಲಿರುವ ವಾಲ್ವ್‌ಗಳು ಇದರಲ್ಲಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಒಳಭಾಗಗಳಿಗೆ ಜಾರುಗುಣ ಕೊಡುತ್ತದೆ. ಹಿಮಪ್ರದೇಶಗಳ ಹಳೆಯ ಹಿಮವಾಹನಗಳಲ್ಲಿಯೂ ಇದೇ ಬಗೆಯ ಸರಳ ಎಂಜಿನ್‌ಗಳಿದ್ದುದರಿಂದ, ಅವುಗಳ ಪುನರ್ನಿರ್ಮಾಣದ ಕ್ರಮವೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ.

ಬಹುಕಾಲ ನಿಂತ ಎಂಜಿನ್ನನ್ನು ಬಿಚ್ಚಿದಾಗ ಮೊದಲು ಪರೀಕ್ಷಿಸುವುದು ಸಿಲಿಂಡರಿನ ಸವೆತವನ್ನು. ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿ, ತುಸು ದೊಡ್ಡ ಅಳತೆಯ ಪಿಸ್ಟನ್ ಮತ್ತು ರಿಂಗುಗಳನ್ನು ಜೋಡಿಸಲಾಗುತ್ತದೆ. ಪ್ರತಿ ಬಾರಿ ಬೋರಿಂಗ್ ಮಾಡಿದಾಗಲೂ ಗೋಡೆ ತೆಳುವಾಗುವುದರಿಂದ, ಅಗತ್ಯವಿರುವಷ್ಟನ್ನು ಮಾತ್ರ ತೆಗೆಯುವುದು ಮುಖ್ಯ. ಹೊಸ ಪಿಸ್ಟನ್ನಿಗೆ ಅಂತರ ತೀರ ಕಡಿಮೆಯಾದರೆ ಬಿಸಿಯಾದಾಗ ಅದು ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂತರ ಹೆಚ್ಚಾದರೆ ಸದ್ದು ಬರುತ್ತದೆ, ಶಕ್ತಿ ಕುಂದುತ್ತದೆ.

ಕ್ರ್ಯಾಂಕಿನ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ಎರಡು ಭಾರವಾದ ಚಕ್ರಗಳ ನಡುವೆ ಒತ್ತಿ ಕೂರಿಸಿದ ಪಿನ್ನಿನ ಮೇಲೆ ಕನೆಕ್ಟಿಂಗ್ ರಾಡ್ ತಿರುಗುತ್ತದೆ. ಬೇರಿಂಗ್ ಸವೆದಿದ್ದರೆ ಈ ಜೋಡಣೆಯನ್ನು ಪ್ರೆಸ್ ಯಂತ್ರದಲ್ಲಿ ಬಿಡಿಸಿ ಹೊಸ ಪಿನ್ ಮತ್ತು ಬೇರಿಂಗ್ ಹಾಕಿ ಮತ್ತೆ ಒತ್ತಬೇಕು. ನಂತರ ಲೇತ್ ಯಂತ್ರದ ಎರಡು ಮೊನೆಗಳ ನಡುವೆ ನಿಲ್ಲಿಸಿ, ಡಯಲ್ ಗೇಜ್ ಹಿಡಿದು, ಎರಡೂ ಬದಿಯ ಶಾಫ್ಟ್‌ಗಳು ಒಂದೇ ರೇಖೆಯಲ್ಲಿವೆಯೇ ಎಂದು ನೋಡಲಾಗುತ್ತದೆ. ಮಿಲಿಮೀಟರಿನ ನೂರರ ಕೆಲವು ಭಾಗಗಳಷ್ಟು ವ್ಯತ್ಯಾಸವೂ ಎಂಜಿನ್ನನ್ನು ನಡುಗಿಸಿ ಹೊಸ ಬೇರಿಂಗನ್ನು ಬೇಗ ಹಾಳುಮಾಡುತ್ತದೆ.

ಎರಡು-ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್ ಕವಚವು ಪೆಟ್ರೋಲ್ ಮಿಶ್ರಣವನ್ನು ಎಳೆದು ಸಿಲಿಂಡರಿಗೆ ತಳ್ಳುವ ಪಂಪ್ ಆಗಿಯೂ ಕೆಲಸ ಮಾಡುತ್ತದೆ. ಆದ್ದರಿಂದ ಆಯಿಲ್ ಸೀಲ್‌ಗಳು ಮತ್ತು ಕವಚದ ಎರಡು ಭಾಗಗಳ ಕೂಡುಮುಖಗಳು ಗಾಳಿ ಸೋರದಂತೆ ಇರಬೇಕು. ಸೀಲ್ ಒಡೆದು ಹೊರಗಿನ ಗಾಳಿ ಸೇರಿದರೆ ಮಿಶ್ರಣದಲ್ಲಿ ಪೆಟ್ರೋಲ್ ಮತ್ತು ಎಣ್ಣೆಯ ಪ್ರಮಾಣ ಇಳಿದು, ಎಂಜಿನ್ ಮಿತಿಮೀರಿ ಬಿಸಿಯಾಗಿ, ಹೊಸ ಪಿಸ್ಟನ್ ಕೂಡ ಸುಡುತ್ತದೆ. ಕೊನೆಯಲ್ಲಿ ಹೊಗೆ ಹೊರಹೋಗುವ ಕಿಂಡಿ ಹಾಗೂ ಸೈಲೆನ್ಸರಿನ ಒಳಗೆ ಕಟ್ಟಿದ ಮಸಿಯನ್ನು ಕೆರೆದು, ಪಾಯಿಂಟ್ ಅಂತರ ಮತ್ತು ಕಿಡಿಯ ಸಮಯವನ್ನು ಹೊಂದಿಸಲಾಗುತ್ತದೆ.

ಇಂತಹ ಕೆಲಸಗಳಿಗೆ ಬೇಕಾದುದು ದೊಡ್ಡ ಕಾರ್ಖಾನೆಯಲ್ಲ. ಬೋರಿಂಗ್ ಯಂತ್ರ, ಪ್ರೆಸ್, ಲೇತ್ ಮತ್ತು ಅಳತೆಯ ಶಿಸ್ತು ಇರುವ ಸಣ್ಣ ಕಾರ್ಯಾಗಾರ ಸಾಕು. ಬೆಂಗಳೂರಿನ ಪೀಣ್ಯ ಹಾಗೂ ಅದಕ್ಕೆ ಹೊಂದಿಕೊಂಡ ರಾಜಗೋಪಾಲನಗರದ ಬೀದಿಗಳಲ್ಲಿ ಕಾಣುವಂತಹ ಸಣ್ಣ ಯಂತ್ರಶಾಲೆಗಳ ಕೌಶಲವೇ ಇಂತಹ ಹಳೆಯ ಯಂತ್ರಗಳಿಗೆ ಆಸರೆ. ತಯಾರಕರು ಇಲ್ಲವಾದ ಮೇಲೆ ಸಿಗದ ಬುಷ್ ಅಥವಾ ಪಿನ್ನನ್ನು ಹಳೆಯ ಭಾಗದ ಅಳತೆ ನೋಡಿ ಕಡೆದು ಕೊಡಬಲ್ಲವರು ಇಂತಹ ಕುಶಲಕರ್ಮಿಗಳೇ.

ಸ್ಮರಣೆ

ಯಾನೆಚೆಕ್ ಅವರ ಕೊಡುಗೆಯನ್ನು ಕುರಿತು ಎರಡು ಬಗೆಯಲ್ಲಿ ಯೋಚಿಸಲು ಅವಕಾಶವಿದೆ. ಅವರ ಮೊದಲ ಸಂಪತ್ತು ಬಂದದ್ದು ಯುದ್ಧದ ಆಯುಧಗಳಿಂದ. ಆದರೆ ಅವರ ಹೆಸರು ಉಳಿದದ್ದು ಸಾಮಾನ್ಯ ಜನರ ವಾಹನದಿಂದ. ಅವರು ಎರಡು-ಸ್ಟ್ರೋಕ್ ಎಂಜಿನ್ನನ್ನು ಕಂಡುಹಿಡಿದವರಲ್ಲ, ಜಾವಾ ವಾಹನಗಳ ಪ್ರಸಿದ್ಧ ಮಾದರಿಗಳನ್ನು ಸ್ವತಃ ರೂಪಿಸಿದವರೂ ಅಲ್ಲ. ದುಬಾರಿ ವಾಹನದ ಸೋಲನ್ನು ಒಪ್ಪಿಕೊಂಡು, ಅಗ್ಗದ ಮತ್ತು ದುರಸ್ತಿಗೆ ಸುಲಭವಾದ ಎಂಜಿನ್ನಿನತ್ತ ಸಂಸ್ಥೆಯನ್ನು ತಿರುಗಿಸಿದ್ದು ಅವರ ಮುಖ್ಯ ನಿರ್ಧಾರ. ಭಾರತದಲ್ಲಿ ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಜಾವಾ–ಯೆಜ್ಡಿ ದಿನವನ್ನು ಆಚರಿಸಲಾಗುತ್ತದೆ. ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ಅಂದು ಹಳೆಯ ವಾಹನಗಳ ಸಾಲು ರಸ್ತೆಗಿಳಿಯುತ್ತದೆ. ಟ್ಯಾಂಕಿನ ಮೇಲಿನ ಜಾವಾ ಎಂಬ ಬರಹದ ಮೊದಲರ್ಧದಲ್ಲಿ ಯಾನೆಚೆಕ್ ಅವರ ಹೆಸರು ಈಗಲೂ ಉಳಿದಿದೆ.