ವಕೀಲಿಯಿಂದ ದಿಲ್ಲಿಯ ಮಂತ್ರಿಗಿರಿಗೆ: ಬಿ. ಶಂಕರಾನಂದ

ನಮ್ಮ ನಾಂದಣಿಯಿಂದ ಗಡಿ ದಾಟಿದರೆ ಚಿಕ್ಕೋಡಿ ಸೀಮೆ ಬಹಳ ದೂರೇನಿಲ್ಲ. ಆ ಭಾಗದಲ್ಲಿ 1925ರಲ್ಲಿ ಹುಟ್ಟಿದವರು ಬಿ. ಶಂಕರಾನಂದ. ದಲಿತರ ಮನ್ಯಾಗ ಹುಟ್ಟಿದ ಹುಡುಗ ಕಾಯ್ದೆ ಓದಿ ಕರಿಕೋಟು ಹಾಕೋದು ಆಗ ಸಣ್ಣ ಮಾತಲ್ಲ. ಅವರು ವಕೀಲರಾದರು.

1957ರಲ್ಲಿ ಬಾಬಾಸಾಹೇಬರ ಪರಿಶಿಷ್ಟ ಜಾತಿ ಫೆಡರೇಶನ್ನಿನ ದತ್ತಾ ಕಟ್ಟಿಯವರು ಚಿಕ್ಕೋಡಿಯಿಂದ ಲೋಕಸಭೆಗೆ ಹೋಗಿದ್ದರು. ಕ್ಷೇತ್ರ ಮೀಸಲಾದ ಮೇಲೆ 1967ರಲ್ಲಿ ಶಂಕರಾನಂದರು ಕಾಂಗ್ರೆಸ್ಸಿನಿಂದ ಗೆದ್ದರು. 1991ರವರೆಗೆ ಸತತ ಏಳು ಚುನಾವಣೆ ಗೆದ್ದರು!

ಅವರು ಆರೋಗ್ಯ ಮಂತ್ರಿಯಾಗಿದ್ದಾಗಲೇ 1983ರಲ್ಲಿ ದೇಶದ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂತು. ಮುಂದೆ ನೀರಾವರಿ, ಪೆಟ್ರೋಲಿಯಂ ಖಾತೆ ನೋಡಿದರು. ವಕೀಲರಾಗಿದ್ದವರು ದೇಶದ ಕಾನೂನು ಮಂತ್ರಿಯೂ ಆದರು.

ಬರೀ ಹೊಗಳಿದರೆ ಚರಿತ್ರೆ ಆಗೋದಿಲ್ಲ. 1987ರಲ್ಲಿ ಬೊಫೋರ್ಸ್ ತನಿಖೆಯ ಸಂಸದೀಯ ಸಮಿತಿಗೆ ಅವರೇ ಅಧ್ಯಕ್ಷರು; ವಿರೋಧ ಪಕ್ಷದವರು ಅದರಿಂದ ದೂರ ಉಳಿದರು, ಅದರ ವರದಿಯನ್ನೂ ಟೀಕಿಸಿದರು. ಶೇರು ಹಗರಣದ ಗದ್ದಲದಲ್ಲಿ 1994ರ ಡಿಸೆಂಬರದಲ್ಲಿ ಮಂತ್ರಿ ಪದವಿ ಬಿಡಬೇಕಾಯ್ತು. 1996ರಲ್ಲಿ ಜನತಾ ದಳದ ರತ್ನಮಾಲಾ ಸವಣೂರರ ಎದುರು ಸೋತರು. 2009ರಲ್ಲಿ ತೀರಿಕೊಂಡರು.

ಮೀಸಲು ಕ್ಷೇತ್ರದಾಗ ನಿಲ್ಲೋರು ನಮ್ಮವರು, ಓಟು ಹಾಕೋರು ಎಲ್ಲಾ ಜಾತಿಯವರು. ಹಂಗ ಆರಿಸಿ ಹೋದವರು ಪಕ್ಷದ ಮಾತು ಕೇಳಬೇಕೋ, ನಮ್ಮ ಮಾತು ಆಡಬೇಕೋ? 1932ರ ಪುಣೆ ಕರಾರಿನಿಂದ ಈ ಪ್ರಶ್ನೆ ನಮ್ಮ ಬೆನ್ನಿಗಿದೆ. ಶಂಕರಾನಂದರ ಬಾಳಿನಿಂದ ಅದು ಮುಗಿಯಲಿಲ್ಲ. ಆದರೆ ಕೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಪಾರ್ಲಿಮೆಂಟಿಗೆ ದಾರಿ ಐತಿ ಅಂತ ತೋರಿಸಿದರು. ಹೋಗೋರು ಓದಿಕೊಂಡು ಹೋಗ್ರಿ. ಉಳಿದವರು ಲೆಕ್ಕ ಕೇಳ್ರಿ.

ಜೈ ಭೀಮ.