ನಿಕೋಲ ಟೆಸ್ಲ

ಗೆದ್ದವರ ಚರಿತ್ರೆಯನ್ನು ನಾವೆಲ್ಲರೂ ಓದುತ್ತೇವೆ. ಬದುಕಿದ್ದಾಗ ಸೋತು, ಸತ್ತ ಮೇಲೆ ಗೆದ್ದವನೊಬ್ಬನ ಕಥೆಯನ್ನು ಸಹಪಾಠಿಗಳ ಮುಂದಿಡಬೇಕೆಂದು ನನ್ನ ಆಸೆ.

ನಿಕೋಲ ಟೆಸ್ಲನು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಕ್ಕೆ ಸೇರಿದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. 1884ರಲ್ಲಿ ಅಮೆರಿಕಕ್ಕೆ ಹೋದನು. ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಮೋಟಾರಿಗೆ 1888ರಲ್ಲಿ ಪೇಟೆಂಟು ಪಡೆದು ಪ್ರಸಿದ್ಧನಾದನು. ಆದರೆ ಅಷ್ಟಕ್ಕೆ ಆತನಿಗೆ ತೃಪ್ತಿಯಿರಲಿಲ್ಲ. ತಂತಿಯ ಹಂಗಿಲ್ಲದೆ ವಿದ್ಯುತ್ತನ್ನೂ ವಾರ್ತೆಯನ್ನೂ ಕಳುಹಿಸಬೇಕೆಂಬುದೇ ಆತನ ಹಂಬಲ. 1891ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ವಾಂಸರೆದುರು ತಂತಿ ಸೋಕದ ದೀಪಗಳನ್ನು ಬೆಳಗಿಸಿ ತೋರಿಸಿದನು.

ಇದರ ತತ್ತ್ವ ಸಂಗೀತ ಬಲ್ಲವರಿಗೆ ಹೊಸದಲ್ಲ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದರ ತಂತಿಯೂ ಮಿಡಿಯುತ್ತದೆ. ಹಾಗೆಯೇ ಒಂದೇ ಆವರ್ತನಕ್ಕೆ ಹೊಂದಿಸಿದ ಎರಡು ಸುರುಳಿಗಳಲ್ಲಿ ಒಂದರ ವಿದ್ಯುತ್ತು ಇನ್ನೊಂದರಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದೆ.

1901ರಲ್ಲಿ ಧನಿಕ ಮಾರ್ಗನ್ ಕೊಟ್ಟ ಒಂದೂವರೆ ಲಕ್ಷ ಡಾಲರಿನ ನೆರವಿನಿಂದ ಟೆಸ್ಲನು ಲಾಂಗ್ ಐಲೆಂಡಿನಲ್ಲಿ ಒಂದು ಮಹಾಗೋಪುರವನ್ನು ಕಟ್ಟಿಸತೊಡಗಿದನು. ಅದೇ ಡಿಸೆಂಬರಿನಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿಸಿದನು. ಮಾರ್ಗನ್ ಮತ್ತೆ ಹಣ ಕೊಡಲಿಲ್ಲ. ಕೆಲಸ ನಿಂತಿತು, 1917ರಲ್ಲಿ ಗೋಪುರವನ್ನು ಕೆಡವಲಾಯಿತು. 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಟೆಸ್ಲನು ಒಬ್ಬಂಟಿಯಾಗಿ ತೀರಿಕೊಂಡನು. 1960ರಲ್ಲಿ ಕಾಂತಕ್ಷೇತ್ರದ ಅಳತೆಗೆ ಆತನ ಹೆಸರನ್ನಿಟ್ಟರು.

ಸುರುಳಿಗಳ ನಡುವಿನ ಅಂತರ ಹೆಚ್ಚಿದಂತೆ ಶಕ್ತಿ ಬಹು ಬೇಗ ಕುಂದುತ್ತದೆ. ಆದ್ದರಿಂದ ಆತನ ಕನಸು ಸಾಗರವನ್ನು ದಾಟಲಿಲ್ಲ. ಆದರೆ ಗೇಣಳತೆಯ ದೂರದಲ್ಲಿ ಅದು ಫಲಿಸಿದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಎಳೆಚರ್ಮಕ್ಕೆ ಆಸ್ಪತ್ರೆಯಲ್ಲಿ ಹಲವು ತಂತಿಗಳನ್ನು ಅಂಟಿಸುತ್ತಾರೆ. ಅವನ್ನು ಕೀಳುವಾಗ ಚರ್ಮವೇ ಸುಲಿಯಬಹುದು. ತಾಯಿ ಮಗುವನ್ನು ಎದೆಗವಚಿಕೊಳ್ಳಲೂ ತೊಡಕು. 2019ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರ ತಂಡವು ಬ್ಯಾಟರಿಯೂ ತಂತಿಯೂ ಇಲ್ಲದ ಎರಡು ತೆಳು ಪಟ್ಟಿಗಳನ್ನು ಪ್ರಕಟಿಸಿತು. ಒಂದು ಎದೆಗೆ, ಇನ್ನೊಂದು ಪಾದಕ್ಕೆ. ಹಾಸಿಗೆಯಡಿಯ ಸುರುಳಿಯಿಂದಲೇ ಅವು ಶಕ್ತಿಯನ್ನು ಪಡೆಯುತ್ತವೆ. ಹೃದಯದ ಬಡಿತ, ಉಸಿರು, ಮೈಯ ಬಿಸಿ ಇವುಗಳ ವರದಿಯನ್ನೂ ಅದೇ ದಾರಿಯಲ್ಲಿ ಹಿಂದಿರುಗಿಸುತ್ತವೆ.

ಶಕ್ತಿಯೂ ವಾರ್ತೆಯೂ ತಂತಿಯಿಲ್ಲದೆ ಜೊತೆಯಾಗಿ ಸಾಗಬೇಕೆಂಬುದೇ ಅಲ್ಲವೆ ಟೆಸ್ಲನ ಹಂಬಲ? ಗೋಪುರ ಉರುಳಿದ ಮಾತ್ರಕ್ಕೆ ಕಟ್ಟಿದವನ ವಿಚಾರವೂ ಉರುಳಿತೆಂದು ನಾನು ತಿಳಿಯಲಾರೆ. ಆತನು ಲೋಕಕ್ಕೆಲ್ಲ ಹಂಚಬೇಕೆಂದಿದ್ದ ಶಕ್ತಿ ಇಂದು ಒಂದು ಹಸುಗೂಸಿನ ಎದೆಯನ್ನು ಕಾಯುತ್ತಿದ್ದರೆ, ಆ ಬಾಳು ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು?