ತಲೆಸುತ್ತಿಗೆ ಸಾಕ್ಷಿ ಹುಡುಕಿದ ಡಾಕ್ಟರ್ ಬಾರಾನಿ



ಹೋದ ವರ್ಷ ನಮ್ಮ ಅಜ್ಜಿಗೆ ತಲೆಸುತ್ತು ಶುರುವಾಯಿತು. ಗೋಡೆ ಹಿಡಿದೇ ನಡೆಯೋರು. ಕೆಲವರು ಪಿತ್ತ ಅಂದರು, ಕೆಲವರು ಬರೀ ನೆಪ ಅಂದರು. ನಾನೂ ನಕ್ಕಿದ್ದೆ. ಕೊನೆಗೆ ಪಟ್ಟಣದ ಕಿವಿ ಡಾಕ್ಟರು ಅಜ್ಜಿಯ ಕಿವಿಗೆ ನೀರು ಬಿಟ್ಟು ಕಣ್ಣು ನೋಡಿದರು. ಒಂದು ಕಿವಿಗೆ ಬಿಟ್ಟಾಗ ಕಣ್ಣುಗುಡ್ಡೆ ಚೆನ್ನಾಗಿ ಅದುರಿತು, ಇನ್ನೊಂದಕ್ಕೆ ಬಿಟ್ಟಾಗ ಅಷ್ಟಾಗಿ ಅದುರಲಿಲ್ಲ. ತೊಂದರೆ ಇದ್ದದ್ದು ಒಳಕಿವಿಯಲ್ಲಿ! ಈ ಪರೀಕ್ಷೆ ಕೊಟ್ಟವರು ರಾಬರ್ಟ್ ಬಾರಾನಿ.

ಅವರು 1876ರ ಏಪ್ರಿಲ್ 22ರಂದು ವಿಯೆನ್ನಾ ನಗರದಲ್ಲಿ ಹುಟ್ಟಿದರು. ಆರು ಮಕ್ಕಳಲ್ಲಿ ಹಿರಿಯರು. ಚಿಕ್ಕಂದಿನಲ್ಲೇ ಮೂಳೆಯ ಕ್ಷಯ ಬಂದು ಮೊಣಕಾಲು ಮಡಚಲಾಗದಂತೆ ಆಯಿತು. ಆದರೂ ಓದು ಬಿಡದೆ 1900ರಲ್ಲಿ ಡಾಕ್ಟರಾದರು.

ಕಿವಿ ತೊಳೆಯುವಾಗ ರೋಗಿಗಳು ತಲೆ ತಿರುಗುತ್ತೆ ಅಂತಿದ್ದರು. ಬಾರಾನಿ ಅವರ ಕಣ್ಣು ನೋಡಿದರು, ಅದುರುತ್ತಿತ್ತು. ನೀರು ತಣ್ಣಗಿದ್ದರೆ ಒಂದು ದಿಕ್ಕಿಗೆ, ಬಿಸಿಯಿದ್ದರೆ ಎದುರು ದಿಕ್ಕಿಗೆ. ಯಾಕೆ ಹೀಗೆ? ಸ್ನಾನದ ನೀರು ಕಾಯಿಸುವ ಒಲೆ ಅವರಿಗೆ ನೆನಪಾಯಿತು. ಬಿಸಿನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ. ಒಳಕಿವಿಯ ಮೂರು ಬಾಗಿದ ನಾಳಗಳಲ್ಲಿರುವ ದ್ರವವೂ ಹಾಗೇ ಹರಿದು, ತಲೆ ತಿರುಗಿದೆ ಅಂತ ಮೆದುಳಿಗೆ ಸುಳ್ಳು ಸುದ್ದಿ ಕಳಿಸುತ್ತೆ. 1906ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಂದ ತಲೆಸುತ್ತು ಬರೀ ಬಾಯಿಮಾತಾಗಿ ಉಳಿಯಲಿಲ್ಲ, ಕಣ್ಣೇ ಸಾಕ್ಷಿ ಹೇಳಿತು.

ಮೊದಲ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದ ಅವರು 1915ರಲ್ಲಿ ರಷ್ಯನ್ನರಿಗೆ ಸೆರೆಸಿಕ್ಕರು. 1914ರ ನೊಬೆಲ್ ಬಹುಮಾನ ಬಂದ ಸುದ್ದಿ ಸೆರೆಯಲ್ಲೇ ತಲುಪಿತು! ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್ ಕ್ರಾಸ್ ಮೂಲಕ ಯತ್ನಿಸಿ 1916ರಲ್ಲಿ ಬಿಡಿಸಿದರು. ಆದರೆ ಊರಿಗೆ ಬಂದರೆ, ಬೇರೆಯವರ ಕೆಲಸಕ್ಕೆ ಮನ್ನಣೆ ಕೊಡಲಿಲ್ಲ ಅಂತ ಜೊತೆಯ ವೈದ್ಯರೇ ದೂರಿದರು. ನೊಂದ ಬಾರಾನಿ ಸ್ವೀಡನ್ನಿನ ಉಪ್ಸಲಾಕ್ಕೆ ಹೋಗಿ ಪಾಠ ಹೇಳಿದರು. 1936ರ ಏಪ್ರಿಲ್ 8ರಂದು ಅಲ್ಲೇ ತೀರಿಕೊಂಡರು.

ಒಂದು ಕೆಲಸ ಬಾಕಿ ಇತ್ತು. ಡಾಕ್ಟರಿಗೊಂದು ಬಗೆಯ ನೀರಾದರೆ ಫಲಿತಾಂಶ ಹೋಲಿಸೋದು ಹೇಗೆ? 1942ರಲ್ಲಿ ಲಂಡನ್ನಿನ ಫಿಟ್ಜೆರಾಲ್ಡ್ ಮತ್ತು ಹಾಲ್‌ಪೈಕ್ ಅಳತೆ ಗೊತ್ತುಮಾಡಿದರು. ಮೈಬಿಸಿ 37 ಡಿಗ್ರಿ. ಅದಕ್ಕಿಂತ 7 ಕಡಿಮೆ, ಅಂದ್ರೆ 30. ಅದಕ್ಕಿಂತ 7 ಹೆಚ್ಚು, ಅಂದ್ರೆ 44. ಎರಡೂ ಕಿವಿಗೆ ಎರಡೂ ನೀರು. ನಮ್ಮ ಅಜ್ಜಿಗೂ ಹೀಗೇ ಮಾಡಿದ್ದು.

ಗೆಳೆಯರೇ, ಇದನ್ನು ಮನೆಯಲ್ಲಿ ಮಾತ್ರ ಮಾಡಬೇಡಿ, ಡಾಕ್ಟರೇ ಮಾಡಬೇಕು. ಯಾರಾದರೂ ತಲೆ ತಿರುಗುತ್ತೆ ಅಂದರೆ ನನ್ನ ಹಾಗೆ ನಗಬೇಡಿ, ಮೊದಲು ಕೈ ಹಿಡಿದುಕೊಳ್ಳಿ. ನಾನು ಈಗ ಅಜ್ಜಿಯ ಕೈ ಹಿಡಿದೇ ಬಾವಿಕಟ್ಟೆಗೆ ಹೋಗ್ತೀನಿ.

ಇತಿ ನಿಮ್ಮ ಸಹಪಾಠಿ